ಯಾವುದನ್ನು ಅಳಿಸಲಿ?

...ಮತ್ತೆ ಅದೇ! ನೋಡಿದ್ರಾ ನಿಮ್ಮ ಕಂಪ್ಯೂಟರನ್ನ? ಪಾಸ್‌ವರ್ಡ್ ತಗೊಳ್ತು, ಪರದೆ ಕಪ್ಪಾಯ್ತು, ಸರಿ, ಈಗ ಒಳಗೆ ಬಿಡುತ್ತೆ ಅಂದುಕೊಂಡ್ರೆ... ಕತ್ತು ಹಿಡಿದು ತಂದು ಪುನಃ ಬಾಗಿಲಲ್ಲೇ ನಿಲ್ಲಿಸ್ತು. ಮತ್ತೆ ಹೆಸರು ಹೇಳು, ಮತ್ತೆ ಪಾಸ್‌ವರ್ಡ್ ಹೇಳು! ನಾನು ಈ ಮನೆಗೆ ಬಂದ ಹೊಸದರಲ್ಲಿ ನಿಮ್ಮ ತಾಯಿ ಹೀಗೇ ಮಾಡ್ತಿದ್ರು. ನಗಬೇಡಿ. ಅರ್ಧ ಬಾಯಲ್ಲಿ ನಕ್ರೂ ನನಗೆ ಗೊತ್ತಾಗುತ್ತೆ.

ಎರಡು ಸಲ ತಟ್ಟಿದ್ರಿ. ಇಲ್ಲ. ಏನಿಲ್ಲ? ಪಾಸ್‌ವರ್ಡ್ ತಪ್ಪಿಲ್ಲ ಅಂತಲಾ? ಅದು ನನಗೂ ಗೊತ್ತು ರೀ. ತಪ್ಪಾಗಿದ್ರೆ ತಪ್ಪು ಅಂತ ಹೇಳ್ತಿತ್ತು. ಇದು ಹೇಳದೆ ಕೇಳದೆ ಹೊರಗೆ ಹಾಕ್ತಿದೆ. ನಾನೂ ಬಿ.ಎಸ್ಸಿ. ಮಾಡಿದವಳೇ, ನಿಮ್ಮ ಮನೆತನಕ್ಕೆ ಡಿಗ್ರಿ ತಂದ ಮೊದಲ ಸೊಸೆ. ಮೆತ್ತಗೆ ತಟ್ಟಿ, ಮಂಚದ ಕಂಬಿ ಸೊಟ್ಟಗಾಗುತ್ತೆ! ಮಾತು ಹೋದಾಗಿನಿಂದ ನಿಮ್ಮ ಎಡಗೈಗೂ ಆ ಚಮಚಕ್ಕೂ ಎಷ್ಟು ಪೊಗರು! ಒಂದು ತಟ್ಟಿದ್ರೆ ಹೌದು, ಎರಡು ತಟ್ಟಿದ್ರೆ ಇಲ್ಲ. ಮದುವೆಯಾದಾಗಿನಿಂದ ಇಷ್ಟು ಸ್ಪಷ್ಟವಾಗಿ ನೀವು ನನಗೆ ಉತ್ತರ ಕೊಟ್ಟಿದ್ದೇ ಇಲ್ಲ.

ಏನು? ಬಾಗಿಲ ಕಡೆ ಯಾಕೆ ನೋಡ್ತೀರಿ? ಯಾರೂ ಇಲ್ಲ. ಪಕ್ಕದ ಮನೆಯವರು... ಕುರ್ಚಿ ಕೇಳಿದ್ರು, ತಗೊಂಡು ಹೋಗ್ತಾ ಇದ್ದಾರೆ. ಬಿಡಿ ಅದನ್ನ. ಇಲ್ಲಿ ನೋಡಿ. ಒಂದೇ ಒಂದು ಫೋಟೊ ಬೇಕು ನನಗೆ, ಮಗಳದು. ಗುಬ್ಬಿದು. ಹೋದ ಸಲ ಬಂದಾಗ ಕಿಟಕಿ ಹತ್ತಿರ ನಿಲ್ಲಿಸಿ, ಮಲಗಿದಲ್ಲಿಂದಲೇ ಎಡಗೈಯಲ್ಲಿ ನೀವೇ ತೆಗೆದ್ರಲ್ಲ, ಅದು.

ಹುಬ್ಬು ಏರಿಸಬೇಡಿ. ಬೆಳಿಗ್ಗೆ ಹೇಳಿದ್ನಲ್ಲ, ಮಗಳಿಗೆ ಆಫೀಸಿನಲ್ಲಿ ಬಹುಮಾನ ಅಂತೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕ್ತಾರಂತೆ. ಅವಳೇ ಯಾಕೆ ಕಳಿಸಲಿಲ್ಲ ಅಂತೀರಾ? ಅವಳಿಗೆ ಗೊತ್ತಿಲ್ಲ ರೀ. ಗೊತ್ತಾಗಬಾರದು. ಅವರ ಮೇಲಧಿಕಾರಿ ನನಗೇ ಫೋನ್ ಮಾಡಿದ್ದು. ನಿನ್ನೆ ಸಂಜೆ... ಹೌದು, ನನ್ನ ಕಣ್ಣು ಕೆಂಪಗಿದೆ. ಎಷ್ಟು ಹೊತ್ತಿನಿಂದ ಈ ಪರದೆ ದಿಟ್ಟಿಸ್ತಾ ಇದ್ದೀನಿ, ಬೆಳ್ಳಗೆ ಇರುತ್ತಾ?

ಆ... ಬಂದೆ, ಬಂದೆ! ಪ್ರಿಂಟ್ ಅಂಗಡಿಯವನಿಗೆ ಇನ್ನು ಸ್ವಲ್ಪ ಹೊತ್ತು ಕಾಯೋದಕ್ಕೆ ಹೇಳು! ಒಳಗೆ ಬರಬೇಡ, ಬಾಗಿಲು ಎಳ್ಕೋ, ಅಣ್ಣನಿಗೆ ಗಾಳಿ ತಾಗುತ್ತೆ!

ನಿಮ್ಮ ತಮ್ಮ. ಈ ಕಡೆ ಏನೋ ಕೆಲಸ ಇತ್ತಂತೆ, ಬಂದಿದ್ದಾನೆ. ಆಮೇಲೆ ಮಾತಾಡಿಸ್ತಾನೆ. ನೆಗಡಿ ಅವನಿಗೆ, ಅದಕ್ಕೇ ಧ್ವನಿ ಹಾಗೆ.

ಸರಿ. ಏನು ಮಾಡಲಿ? ಕರೆಂಟ್ ತೆಗೆದು ಹಾಕಲಾ? ಇಲ್ಲ. ನಿಮ್ಮ ಪ್ರಕಾರ ಅದು ಮೂರ್ಖರ ದಾರಿ. ಹಾಗಾದ್ರೆ... ಆ ಕಪ್ಪು ಪರದೆಗೆ ಹೋಗಲಾ? ಬರೀ ಅಕ್ಷರ ಬರುತ್ತಲ್ಲ, ಅದಕ್ಕೆ? ಒಂದು. ಹೌದು. ನೀವು ಹೇಳಿಕೊಟ್ಟದ್ದೆಲ್ಲ ನಾನು ಬರೆದಿಟ್ಟಿದ್ದೀನಿ, ನಿಮ್ಮ ಬಿ.ಪಿ. ಬರೆಯೋ ಪುಸ್ತಕದ ಹಿಂದಿನ ಪುಟದಲ್ಲಿ. ಕಂಟ್ರೋಲ್, ಆಲ್ಟ್, ಎಫ್ ಮೂರು. ಮೂರೂ ಒಟ್ಟಿಗೆ. ಹಾಂ, ಬಂತು! ಇಲ್ಲಿ ಮಾತ್ರ ಮರ್ಯಾದೆಯಿಂದ ಒಳಗೆ ಬಿಡ್ತು ನೋಡಿ. ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕೆ ಕೂಡ ಕಾಣಿಸಲ್ಲ, ಕುರುಡಿಯ ಹಾಗೆ ಒತ್ತಬೇಕು. ಆದ್ರೂ ಬಿಡ್ತು.

ಇನ್ನು ಫೋಟೊ... ಇಲ್ಲಿಂದಲೇ ಪೆನ್‌ಡ್ರೈವ್‌ಗೆ ತೆಗೆಯಬಹುದು. ಆದ್ರೆ ಯಾವುದು ಅಂತ ತೆಗೀಲಿ? ಎಲ್ಲಕ್ಕೂ ನಂಬರೇ ಹೆಸರು! ಸಾವಿರಾರು ನಂಬರು. ಮುಖ ಕಾಣದೆ ನನ್ನ ಮಗಳನ್ನ ಹೇಗೆ ಆರಿಸಲಿ ರೀ? ಒಳಗೆ ಹೋಗಲೇಬೇಕು.

ಏನು ತೋರಿಸ್ತೀರಿ? ಪುಸ್ತಕನಾ? ಪುಟ ಮಗುಚಲಾ? ಇದಾ... ಇದಲ್ಲ. ಇದು? ಡಿಸ್ಕಿನಲ್ಲಿ ಜಾಗ ಎಷ್ಟಿದೆ ನೋಡೋದು. ಒಂದು! ಸರಿ, ಒತ್ತಿದೆ.

ಅಯ್ಯೋ. ನೂರಕ್ಕೆ ನೂರು ತುಂಬಿದೆ. ಸೂಜಿಮೊನೆಯಷ್ಟೂ ಜಾಗ ಇಲ್ಲ. ಅದಕ್ಕೇ ಅಲ್ವಾ? ಒಳಗೆ ಕಾಲಿಡೋಕೆ ಜಾಗ ಇಲ್ಲದೆ ಹೊರಗೆ ತಳ್ತಾ ಇದೆ. ಪಾಪ, ಇದನ್ನ ಸುಮ್ಮನೆ ಬೈದೆ.

ಅಂದ್ರೆ ಏನಾದ್ರೂ ಅಳಿಸಬೇಕು. ಕಸದ ಬುಟ್ಟಿ ಖಾಲಿ, ಆಗಲೇ ನೋಡಿದೆ. ನಿಮ್ಮದು, ಅದರಲ್ಲೇನು ಉಳಿದಿರುತ್ತೆ! ದೊಡ್ಡ ಫೋಲ್ಡರ್ ಯಾವುದು ಅಂತ... ತಾಳಿ, ಸಾಲಾಗಿ ಬರ್ತಿದೆ. ನಕ್ಷೆಗಳು. ಫೋಟೊಗಳು. ಆಮೇಲೆ ಎಲ್ಲಕ್ಕಿಂತ ದೊಡ್ಡದು... ಗುಬ್ಬಿ.

ಇದು ಅವಳ ಫೋನಿಂದ ಬರೋದು. ಮಲಗಿದಲ್ಲೇ ಅಪ್ಪನಿಗೆ ಬೇಜಾರಾಗಬಾರದು ಅಂತ, ಅವಳು ಫೋನಿನಲ್ಲಿ ತೆಗೆದದ್ದೆಲ್ಲ ತಾನಾಗಿ ಇಲ್ಲಿಗೆ ಬಂದು ಬೀಳೋ ಹಾಗೆ ಮಾಡಿಟ್ಟು ಹೋದ್ಲು. ಏನೇನು ತೆಗೀತಾಳೆ! ಬಸ್ ನಿಲ್ದಾಣದ ನಾಯಿ. ಊಟದ ಡಬ್ಬಿ. ಕೆಟ್ಟುನಿಂತ ಲಿಫ್ಟಿನಲ್ಲಿ ತನ್ನದೇ ಮುಖ. ‘ಅಪ್ಪಾ, ನೋಡು, ಸಿಕ್ಕಿಹಾಕ್ಕೊಂಡೆ’ ಅಂತ. ಕೊನೇದು ನಿನ್ನೆ ಬಂದಿದೆ. ನಿನ್ನೆ ಮಧ್ಯಾಹ್ನ.

ಒಂದು. ಏನು ಹೌದು? ಇದನ್ನ... ಗುಬ್ಬಿ ಫೋಲ್ಡರನ್ನ ಅಳಿಸು ಅಂತಲಾ?

ಬೇಡ.

ಗೊತ್ತು ರೀ, ಎಲ್ಲಾ ಅವಳ ಫೋನಿನಲ್ಲಿದೆ, ಇದು ಬರೀ ನಕಲು. ಗೊತ್ತು. ಆದ್ರೂ ಬೇಡ. ಒಂದು, ಒಂದು, ಒಂದು... ಎಷ್ಟು ಸಲ ತಟ್ಟಿದ್ರೂ ಅಷ್ಟೇ. ಉದ್ವೇಗ ಮಾಡ್ಕೋಬೇಡಿ, ಡಾಕ್ಟರ್ ಏನು ಹೇಳಿದ್ದಾರೆ? ಒಂದು ಸಣ್ಣ ಆಘಾತವೂ ಆಗಬಾರದು ಅಂತ. ಒಂದು ರಸೀದಿಯನ್ನೂ ಎಸೆದವಳಲ್ಲ ನಾನು. ಅವಳು ಒಂದನೇ ಕ್ಲಾಸಿನಲ್ಲಿ ಗೀಚಿದ ಸ್ಲೇಟು ಕೂಡ ಒರೆಸದೆ ಇಟ್ಟಿದ್ದೀನಿ. ಇದನ್ನ ಅಳಿಸ್ತೀನಾ? ಒಂದೇ ಒಂದು ವಿಡಿಯೊನಾದ್ರೂ? ಲಿಫ್ಟಿನದಾ? ಇಲ್ಲ. ನಾಯಿದಾ? ಅದರಲ್ಲಿ ಅವಳ ಧ್ವನಿ ಇದೆ. ಡಬ್ಬಿದಾ? ಬೆರಳು ಕಾಣುತ್ತೆ ರೀ, ಅವಳ ಬೆರಳು... ಬೇಡ ಅಂದ್ರೆ ಬೇಡ!

ನಿಮ್ಮ ನಕ್ಷೆ ತೆಗೀತೀನಿ.

ಎರಡು. ಹೌದು, ತಟ್ಟಿ. ಈ ಊರಿನ ನೆಲದಡಿ ಯಾವ ನೀರಿನ ಕೊಳವೆ ಎಲ್ಲಿ ತಿರುಗುತ್ತೆ ಅಂತ ಜೀವಮಾನವಿಡೀ ಬರೆದ್ರಿ. ಆಫೀಸಿನವರು ಕಾಗದವನ್ನೆಲ್ಲ ತೂಕಕ್ಕೆ ಹಾಕಿದ್ರು, ಉಳಿದಿರೋದು ಇಲ್ಲಿ ಮಾತ್ರ. ಎಲ್ಲಾ ಗೊತ್ತು ನನಗೆ. ಕನ್ನಡಕ ಒರೆಸಿ ಒರೆಸಿ ಒಂದೊಂದೇ ಹಾಳೆ ಸ್ಕ್ಯಾನ್ ಮಾಡುವಾಗ ಪಕ್ಕದಲ್ಲಿ ಕೂತು ಪಟ್ಟಿ ಬರೆದವಳು ನಾನೇ. ಈ ಕಪ್ಪು ಪರದೆಯಲ್ಲಿ ಅಳಿಸಿದ್ದು ಬುಟ್ಟಿಗೆ ಹೋಗಲ್ಲ, ಹೋದ್ರೆ ಹೋಯ್ತು, ಅದೂ ಗೊತ್ತು. ಎರಡು, ಎರಡು... ಬೈಯಿರಿ! ಹುಚ್ಚಿ ಅನ್ನಿ! ನೋಡಿ, ಹೆಸರು ಟೈಪ್ ಮಾಡಿಯಾಯ್ತು. ಎಂಟರ್ ಒತ್ತೋದು ಒಂದೇ ಬಾಕಿ. ಹೊರಗೆ ಅಷ್ಟು ಜನ ಕಾಯ್ತಾ ಇದ್ದಾರೆ, ನನಗೆ ಆ ಫೋಟೊ ಬೇಕು.

...

ಯಾಕೆ ನಿಲ್ಲಿಸಿದ್ರಿ?

ಜನ ಅಂದ್ರೆ... ಕುರ್ಚಿಯವರು ರೀ. ಪಕ್ಕದ ಮನೆಯವರು. ಹೇಳಿದ್ನಲ್ಲ.

ತಟ್ಟಿ. ಬೇಡ ಅನ್ನಿ. ಎರಡು ಸಲ. ನಿಮ್ಮ ನಕ್ಷೆ ರೀ ಅದು, ಬೇಡ ಅನ್ನಬಾರದಾ? ನೀವು ಬೇಡ ಅಂದ್ರೆ ಬೇರೆ ಏನಾದ್ರೂ ದಾರಿ ಹುಡುಕ್ತೀನಿ, ಅಂಗಡಿಗೆ ಹೊತ್ತುಕೊಂಡು ಹೋಗ್ತೀನಿ, ಯಾರನ್ನಾದ್ರೂ ಕರೆಸ್ತೀನಿ... ನನ್ನನ್ನ ಹಾಗೆ ನೋಡಬೇಡಿ. ಪರದೆ ನೋಡಿ. ಪರದೆ ನೋಡಿ ಅಂದೆ!

...

ಒಂದು.

ಒಂದಾ? ಕೈ ಜಾರ್ತಾ? ಇನ್ನೊಂದು ಸಲ ತಟ್ಟಬೇಕಿತ್ತಲ್ಲ. ನಕ್ಷೆ ಅಳಿಸು ಅಂತಲಾ? ಗುಬ್ಬಿದು ಇರಲಿ... ನಕ್ಷೆ ಅಳಿಸು ಅಂತಲಾ?

ಚಮಚ ಯಾಕೆ ಕೆಳಗೆ ಇಟ್ರಿ? ತಗೊಳ್ಳಿ. ಹಿಡ್ಕೊಳ್ಳಿ ರೀ, ನಾನು ಹಿಡಿಸ್ತೀನಿ, ಬೆರಳು ಬಿಡಿಸಿ. ಏನಾದ್ರೂ ಕೇಳಿ ನನ್ನ. ಹುಬ್ಬಾದ್ರೂ ಏರಿಸಿ. ನಾನು ಏನೂ ಹೇಳಲಿಲ್ಲವಲ್ಲ! ಬೆಳಿಗ್ಗೆಯಿಂದ ನಿಮ್ಮೆದುರು ಒಂದು ಹನಿ ಹಾಕಿಲ್ಲ ನಾನು, ಒಂದು ಮಾತು...

ಫೋನೂ ಉಳಿಯಲಿಲ್ಲ ರೀ.