ಬಣ್ಣಗಾರನ ಮಗಳ ಗಂಟಲು

ಮತ್ಯಾಕೆ ನಗ್ತೀಯಾ? ನಾನು ಹೇಳ್ತಿರೋದು ಸುಳ್ಳಾ? ಚರ್ಚಿನ ಆ ಮೂಲೇಲಿ ನಿಂತಿದಾಳಲ್ಲ ಕಲ್ಲಿನ ಹುಡುಗಿ, ಅವಳ ಮುಂದಿನ ಸಾಲು ನೋಡೇ! ಬಂದವರೆಲ್ಲ ಅವಳ ಗಂಟಲು ಮುಟ್ಟಿ ಮುಟ್ಟಿ ಕಲ್ಲು ಕನ್ನಡಿ ಆಗಿಹೋಗಿದೆ. ತೊದಲೋರು, ಮಾತು ಬಾರದ ಕೂಸುಗಳು... ಅಗೋ, ಕರೀಕೋಟಿನ ವಕೀಲನೂ! ಅವನಿಗೇನಪ್ಪಾ ಮಾತಿಗೆ ಬರ? ಊರಿಗೆಲ್ಲ ಹಂಚಿದ್ರೂ ಮಿಗುತ್ತೆ!

ಯಾರವಳು ಅಂತಾನಾ ಹಾಗೆ ನೋಡ್ತಿರೋದು? ಬಟ್ಟೆಗೆ ಬಣ್ಣ ಹಾಕೋನ ಮಗಳು. ಎಷ್ಟೋ ನೂರು ವರ್ಷದ ಹಿಂದೆ, ಯಾವುದೋ ದೂರದ ದೇಶದಲ್ಲಿ. ಆ ಕಾಲದಲ್ಲಿ ಯೇಸುವಿನ ಹೆಸರೆತ್ತಿದ್ರೆ ತಲೆ ಹೋಗ್ತಿತ್ತು. 'ಚಕ್ರವರ್ತಿ ಬೊಂಬೆ ಮುಂದೆ ಒಂದು ಚಿಟಿಕೆ ಧೂಪ ಹಾಕು, ಮನೆಗೆ ಹೋಗು' ಅಂದನಂತೆ ಅಧಿಕಾರಿ. ಒಂದೇ ಚಿಟಿಕೆ! ಹಾಕಿ ಬಂದಿದ್ರೆ ಮೊಮ್ಮಕ್ಕಳನ್ನ ಆಡಿಸಿಕೊಂಡು ಇರಬಹುದಿತ್ತು. ಇವಳು? 'ಮನುಷ್ಯನಿಗೆ ಧೂಪ ಹಾಕಲ್ಲ' ಅಂದಳು. ಅಷ್ಟಕ್ಕೇ ಬಿಟ್ಲಾ? ಸೆರೆಮನೇಲಿ ಕೂತು ಹಾಡೋಕೆ ಶುರು! ಕಾವಲುಗಾರರೂ ಗುನುಗೋಕೆ ಹತ್ತಿದ್ರಂತೆ. ನಾಲಿಗೆ ಕಿತ್ತರು. ಆಮೇಲೆ ಕತ್ತೂ ಹೋಯ್ತು. ಅವಳ ತಾಯಿ ಏನ್ಮಾಡಿದ್ಲು ಅಂತ ಯಾವ ಪಾದ್ರಿಯೂ ಹೇಳಲ್ಲ. ಆ ಮುದುಕಿಗೆ ಒಂದು ಮೇಣದಬತ್ತಿ ಹಚ್ಚೋರಿಲ್ಲ!

ತನ್ನ ನಾಲಿಗೇನೇ ಉಳಿಸಿಕೊಳ್ಳದವಳು ಊರಿಗೆಲ್ಲ ಮಾತು ಕೊಡ್ತಾಳಂತೆ! ಥೂ!

ಏನು, ಬಾಗಿಲ ಕಡೆ ಹೊರಟೆ? ಕೂತ್ಕೋ. ಬಿಸಿಲು ಇಳೀಲಿ. ಬಿಸಿಲಿಗೆ ತಾನೇ ಈ ಚರ್ಚಿನೊಳಗೆ ಬಂದದ್ದು?... ಹೌದು, ಬಟ್ಟೆ ಅಂಗಡಿ ಅಂತಲೇ ಹೊರಡಿಸಿದ್ದೆ. ಹಾಗೆ ಗುರಾಯಿಸಬೇಡ! ಎರಡು ಬಸ್ಸು ಬದಲಾಯಿಸಿ ಯಾರಾದ್ರೂ ನೆರಳು ಹುಡುಕಿಕೊಂಡು ಬರ್ತಾರಾ ಅಂತಾನಾ?

ಗಂಟಲಲ್ಲಿ ಏನೂ ತೊಂದರೆ ಇಲ್ಲ ಅಂದ್ರಲ್ಲ ಡಾಕ್ಟರು... ನಿನ್ನ ಗಂಡನ್ನ ಕಾರ್ಖಾನೆಯಿಂದ ಚಾಪೇಲಿ ಸುತ್ತಿ ತಂದ ದಿನ ನಿಂತದ್ದು ನಿನ್ನ ಮಾತು. ನಾನು ಕೂಗಾಡಿದೆ, ಎದೆ ಬಡ್ಕೊಂಡೆ, ನಮ್ಮ ಇಸ್ತ್ರಿ ಅಂಗಡಿಗೆ ಬಂದೋರ ಮೇಲೆಲ್ಲ ಹರಿಹಾಯ್ದೆ. ನೀನು ಮಾತ್ರ... ವರ್ಷ ತಿರುಗ್ತಾ ಬಂತು ಕಣೇ. ಮನೇಲಿ ನಿನ್ನ ಪಾಲಿನ ಮಾತೂ ನಾನೇ ಆಡಿ ಆಡಿ ಬಾಯಿ ಬತ್ತಿಹೋಗಿದೆ.

ವಕೀಲ ಆಚೆ ಹೋದ. ಏಳು. ಮುಟ್ಟು. ನಂಬೋದು ಬೇಡ, ನಾನೂ ನಂಬಲ್ಲ. ಸುಮ್ನೆ ಮುಟ್ಟು... ಕೈ ಯಾಕೆ ಎಳ್ಕೊಂಡೆ? ಸಿಟ್ಟಾ? ಹಾಗಾದ್ರೆ ಬೈ. 'ಅಮ್ಮಾ' ಅನ್ನೋದೇನೂ ಬೇಡ. 'ಬಾಯಿ ಮುಚ್ಚೇ ಮುದುಕಿ' ಅನ್ನು. ಅಷ್ಟು ಸಾಕು.

...ಅನ್ನೇ.