ಪೋಷಕರಿಗೆ ಅರ್ಥವಾಗಲೆಂದು

ಹೆಂಗಸಿನ ಮುರಿದ ತೋಳಿಗೆ ಪ್ಲಾಸ್ಟರ್ ಸುತ್ತುತ್ತಿದ್ದ ನರ್ಸ್ ಕಿವಿಯನ್ನು ಮಾತಿಗೇ ಒಪ್ಪಿಸಿಬಿಟ್ಟಿದ್ದಳು. ಎದುರಿಗೆ ತುಟಿ ಒಡೆದು ಕೂತಿದ್ದವರು ಆ ಹೆಂಗಸಿನ ಮಗಳ ಇಂಗ್ಲಿಷ್ ಮೇಷ್ಟ್ರು.

"ಪೋಷಕರ ಸಭೇಲಿ ಒಳ್ಳೇ ಪ್ರಬಂಧ ಓದೋದು ನಮ್ಮ ಪದ್ಧತಿ ಕಣಮ್ಮಾ. ನಿಮ್ಮ ಮಗಳದ್ರಲ್ಲಿ ವ್ಯಾಕರಣ ಎಲ್ಲೂ ತಪ್ಪಿರಲಿಲ್ಲ."

"ಓದಿ ಸುಮ್ನಿರಬೇಕಿತ್ತು. ಅಪ್ಪ ಅಮ್ಮನ್ನ ಬೆಲ್ಟಲ್ಲಿ ಬಡೀತಾನೆ ಅಂತ ನಮ್ಮ ಭಾಷೇಲಿ ಯಾಕೆ ಬಿಡಿಸಿ ಹೇಳಿದ್ರಿ? ಅವನಿಗೆ ಇಂಗ್ಲಿಷ್ ಬರಲ್ಲ ಅಂತ್ಲೇ ಅವಳು ಬರೆದಿದ್ದು."

"ಅಷ್ಟು ಚೆನ್ನಾಗಿತ್ತು, ಕಟ್ಟುಕತೆ ಅಂದ್ಕೊಂಡೆ."

"ಸಭೆ ಮುಗಿದಿದ್ದೇ ಶಾಲೆ ಗೇಟ್ ಹತ್ರಾನೇ ನನ್ನ ಕೈ ತಿರುಚಿ ಮುರಿದ. ಅದೂ ಕತೇನಾ?"

"ನನ್ನ ತುಟೀನೂ ಒಡೆದ್ರು ನಿಮ್ಮನೆಯವರು, ನೋಡಿ. ನಾನಿನ್ನು ಹೊರಡ್ಲಾ?"

"ಎಲ್ಲಿಗೆ? ಅವನೀಗ ಮಗಳನ್ನ ಹುಡುಕ್ತಿದಾನೆ. ಹೊರಗೆ ಪೊಲೀಸ್ನೋರು ಕೂತಿದಾರೆ. ಅವರಿಗೂ ಹಾಗೇ ಬಿಡಿಸಿ ಹೇಳಿ, ಬನ್ನಿ."

ಪ್ಲಾಸ್ಟರ್ ಒಣಗುವ ಮೊದಲೇ ಎದ್ದು, ಸರಿಯಿದ್ದ ಕೈಯಲ್ಲಿ ಮೇಷ್ಟ್ರ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು.