ದಡಕ್ಕೆ ಬದಲಾಗಿ ಬಂದ ಕೆಸರು

ಕಡಲ ದಡದ ಓಕ್ಲೆಂಡ್ ನಗರದ ಬಸ್ಸಿನಲ್ಲಿ, ಇನೆಜ್ ಎಂಬ ಹೆಂಗಸಿನ ಮುಂದಿನ ಸೀಟಿನಲ್ಲಿ ಒಬ್ಬ ಮುದುಕನೂ ಮುದುಕಿಯೂ ಗಾಳ, ಬಕೆಟ್ಟು ಹಿಡಿದು ಕುಳಿತಿದ್ದರು. ಅವರ ಮಾತು ಅವಳ ಕಿವಿಗೆ ಬಿತ್ತು.

“ನಾಳೆಯಿಂದ ನಾವು ಮೀನು ಹಿಡಿಯೋ ಕಟ್ಟೆಗೆ ಬೇಲಿಯಂತೆ, ವರ್ಲೀನಕ್ಕ. ದಡವೆಲ್ಲ ಬಿಲ್ಡರಿಗೆ.”

“ಅದು ಜನರ ದಡ ಕಣೋ, ಒಡೆಲ್. ಮಾರೋಕೆ ಬರಲ್ಲ.”

“ಮಾರಿಲ್ಲ, ಅದಲುಬದಲು. ಜನಕ್ಕೆ ಬೇರೆ ಕಡೆ ಅಷ್ಟೇ ಎಕರೆ ಕೊಟ್ಟಿದಾರೆ.”

“ನೋಡಿದ್ಯಾ?”

“ನಿನ್ನೆ ಹೋಗಿದ್ದೆ. ಬರೀ ಕೆಸರು. ಉಬ್ಬರ ಬಂದ್ರೆ ಅದೂ ಮುಳುಗುತ್ತೆ.”

“ಥೂ. ಲೈಸೆನ್ಸಿಲ್ದೆ ಮೀನು ಹಿಡಿಯೋಕೆ ನಮಗಿದ್ದದ್ದು ಅದೊಂದೇ ಕಟ್ಟೆ. ನಗರಸಭೆಯೋರು ಜನರನ್ನ ಕರೆದಿದ್ದ ಸಭೇಲಿ ಯಾರೂ ಬೇಡ ಅನ್ಲಿಲ್ವಾ?”

“ಎಕರೆಗೆ ಎಕರೆ ಅಂದ್ರು. ನಾನೂ ಒಪ್ಪಿಗೆ ಅಂತ ಕೈ ಎತ್ತಿಬಿಟ್ಟೆ.”

“ಯಾವ ಕೈ? ಭಾನುವಾರ ಚರ್ಚಲ್ಲಿ ದೇವರಿಗೆ ಎತ್ತೋದೇನಾ?”

ಕಟ್ಟೆಯ ಸ್ಟಾಪು ಬಂದಾಗ ಮುದುಕಿ ತನ್ನ ಗಾಳ, ಬಕೆಟ್ಟು ಎತ್ತಿಕೊಂಡು, ಒಡೆಲ್‌ಗಾಗಿ ಕಾಯದೆ ಇಳಿದುಹೋದಳು.